ಪತ್ರಿಕೆಯನ್ನು ಕತ್ತರಿಸುವವರಿಗೆ ಒಂದು ಮಾತು

ಈ ವರ್ಷದ ಆರಂಭದಲ್ಲಿ ಮೂಡುಬಿದಿರೆ ಕಡೆಯ ಒಂದು ಪ್ರೌಢಶಾಲೆಯವರು ನನ್ನನ್ನು ಬಹುಮಾನ ವಿತರಣೆಗೆ ಆಹ್ವಾನಿಸಿದ್ದರು. ಸ್ಪರ್ಧೆ ಇಂಗ್ಲಿಷ್ ಪದಸಂಪತ್ತಿನದು. ಶಾಲೆ ಆರಂಭವಾದಂದಿನಿಂದ ಮಕ್ಕಳು ದಿನಕ್ಕೆ ಐದರಂತೆ ಇಂಗ್ಲಿಷ್ ದಿನಪತ್ರಿಕೆಯಿಂದ ಕಠಿಣ ಪದಗಳನ್ನು ಕತ್ತರಿಸಿ, ನೋಟುಪುಸ್ತಕಕ್ಕೆ ಅಂಟಿಸಿ, ಎದುರಿಗೆ ಅರ್ಥ ಬರೆಯಬೇಕೆಂಬುದು ನಿಯಮ. ಮೊದಲ ಬಹುಮಾನ ಗಳಿಸಿದ ಒಂಬತ್ತನೆಯ ತರಗತಿಯ ಹುಡುಗಿಯ ಪುಸ್ತಕದಲ್ಲಿ ಒಂಬೈನೂರಕ್ಕೂ ಮಿಕ್ಕಿ ಪದಗಳಿದ್ದವು. ಮುತ್ತಿನಂಥ ಅಕ್ಷರ, ಕೆಂಪು ಶಾಯಿಯ ಗೆರೆ. ನಾನು ಪುಟ ತಿರುವುತ್ತಾ ‘ಮೊರೆಟೋರಿಯಂ’ ಎಂಬ ತುಣುಕಿನ ಮೇಲೆ ಬೆರಳಿಟ್ಟು, “ಮಗೂ, ಇದು ಯಾವ ಸುದ್ದಿಯಲ್ಲಿ ಬಂದಿತ್ತು? ಯಾರು ಯಾವುದನ್ನು ಮುಂದೂಡಿದರು?” ಎಂದು ಕೇಳಿದೆ. ಅವಳು ಶಿಕ್ಷಕಿಯ ಮುಖ ನೋಡಿದಳು. ಶಿಕ್ಷಕಿ ನಗುತ್ತಾ, “ಫಾದರ್, ಪದ ಮಾತ್ರ. ಸುದ್ದಿ ಬೇಡ ಅಂತ ನಾವೇ ಹೇಳಿದ್ದೇವೆ, ಸಮಯ ಹಾಳಾಗುತ್ತದೆ” ಎಂದರು.

ಅಂಚಿಗೆ ಮಾತ್ರ ಅಂಟು ಹಚ್ಚಿದ್ದ ಇನ್ನೊಂದು ತುಣುಕನ್ನು ಮಗುಚಿ ನೋಡಿದೆ. ಹಿಂಬದಿಯಲ್ಲಿ ಹೆದ್ದಾರಿಗಾಗಿ ಭೂಸ್ವಾಧೀನ ಮಾಡುವ ಸಾರ್ವಜನಿಕ ಪ್ರಕಟಣೆಯ ಒಂದು ಚೂರಿತ್ತು: ಎರಡು ಸರ್ವೆ ನಂಬರುಗಳು, ಅರ್ಧ ತುಂಡಾದ ಒಂದು ಗ್ರಾಮದ ಹೆಸರು. ಬಹುಮಾನವನ್ನೇನೋ ಕೊಟ್ಟು ಬಂದೆ. ಆ ಪುಸ್ತಕವನ್ನು ಕೆಲವು ದಿನಗಳ ಮಟ್ಟಿಗೆ ಕೇಳಿ ತಂದೆ. ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ.

ಓದುಗ ಬಂಧುಗಳೇ, ಇದು ಒಂದು ಶಾಲೆಯ ಮಾತಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ನಾನು ಸೇವೆ ಸಲ್ಲಿಸಿದ ಊರುಗಳಲ್ಲೆಲ್ಲಾ ಈ ಪದಪುಸ್ತಕದ ಭಕ್ತಿಯನ್ನು ಕಂಡಿದ್ದೇನೆ. ತರಬೇತಿ ಕೇಂದ್ರಗಳು ಇದನ್ನು ಮಾರುತ್ತವೆ, ಮೊಬೈಲಿನ ಗುರುಗಳು ದಿನಕ್ಕೆ ಹತ್ತು ಪದ ಎಂದು ಹಂಚುತ್ತಾರೆ, ಪಾಲಕರು ಪುಸ್ತಕದ ದಪ್ಪವನ್ನು ನೆಂಟರಿಗೆ ತೋರಿಸುತ್ತಾರೆ. ನಮ್ಮ ಧರ್ಮಕೇಂದ್ರಗಳ ಶಾಲೆಗಳು ಇದರಲ್ಲಿ ಹಿಂದೆ ಬಿದ್ದಿಲ್ಲ ಎಂಬುದನ್ನು ತಲೆತಗ್ಗಿಸಿ ಒಪ್ಪಿಕೊಳ್ಳುತ್ತೇನೆ. ಪತ್ರಿಕೆ ಓದಿ ಇಂಗ್ಲಿಷ್ ಕಲಿಯಿರಿ ಎಂಬ ಉಪದೇಶ ಒಳ್ಳೆಯದೇ. ಆದರೆ ನಾವು ಕಲಿಸುತ್ತಿರುವುದು ಪತ್ರಿಕೆ ಓದುವುದನ್ನಲ್ಲ, ಓದದೆ ಇರುವುದನ್ನು.

ಇದರ ಫಲವನ್ನು ನಾನೇ ಉಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ಪದವಿ ವಿದ್ಯಾರ್ಥಿ ಎರಡು ಪುಟಗಳ ಇಂಗ್ಲಿಷ್ ಪತ್ರವನ್ನು ಗುರುನಿವಾಸಕ್ಕೆ ತಂದುಕೊಟ್ಟ. ‘ಪ್ಲೆಥೊರಾ’, ‘ಮಿರಿಯಡ್’, ‘ಅನ್‌ಪ್ರೆಸಿಡೆಂಟೆಡ್’, ‘ಎಕ್ಸಾಸರ್ಬೇಟ್’: ಒಂದೊಂದು ಸಾಲಿಗೂ ಇಂಥ ಎರಡೆರಡು ಪದಗಳು. ನಾನು ಓದಿದೆ, ನಕ್ಕೆ, ಮೇಜಿನ ಮೇಲಿಟ್ಟೆ. ಯಾವುದೋ ಭಾಷಣ ಸ್ಪರ್ಧೆಗೆ ತಿದ್ದಿಕೊಡಲು ತಂದಿರಬೇಕೆಂದು ಭಾವಿಸಿದೆ. ಹದಿನೈದು ದಿನಗಳ ನಂತರ ವಾಳೆಯ ಗುರಿಕಾರರಿಂದ ತಿಳಿಯಿತು, ಆತನ ತಾಯಿಗೆ ವಾರಕ್ಕೆ ಎರಡು ಬಾರಿ ಡಯಾಲಿಸಿಸ್ ಆಗುತ್ತಿದೆ, ಬಸ್ಸಿನಲ್ಲಿ ಕರೆದೊಯ್ಯುವುದು ಕಷ್ಟವಾಗಿದೆ, ವಾಹನದ ಬಾಡಿಗೆಗೆ ನೆರವು ಕೇಳಿ ಆತ ಆ ಪತ್ರ ಬರೆದಿದ್ದ ಎಂದು. ಮತ್ತೆ ತೆಗೆದು ಓದಿದೆ. ರೋಗದ ಹೆಸರು ಅದರಲ್ಲಿರಲಿಲ್ಲ. ಕೇಳಿದ ಹಣದ ಮೊತ್ತ ಇರಲಿಲ್ಲ. ‘ತಾಯಿ’ ಎಂಬ ಪದವೂ ಇರಲಿಲ್ಲ. ಅದರ ಬದಲಿಗೆ ‘ಮೆಟರ್ನಲ್’ ಎಂಬ ವಿಶೇಷಣವಿತ್ತು. ತಪ್ಪು ನನ್ನದು, ಹುಡುಗನನ್ನು ಕರೆದು ಎರಡು ಮಾತು ಕೇಳಬೇಕಿತ್ತು. ಆದರೆ ಮನೆಯಲ್ಲಿ ಕೊಂಕಣಿಯಲ್ಲಿ ಅಳಬಲ್ಲ, ಅಂಗಡಿಯಲ್ಲಿ ತುಳುವಿನಲ್ಲಿ ಚೌಕಾಸಿ ಮಾಡಬಲ್ಲ, ಶಾಲೆಯಲ್ಲಿ ಕನ್ನಡ ಕಲಿತ ಒಬ್ಬ ಯುವಕನಿಗೆ ‘ನನ್ನ ತಾಯಿಗೆ ಕಾಯಿಲೆ, ಸಹಾಯ ಬೇಕು’ ಎಂದು ಬರೆಯಲು ಬಾರದಂತೆ ಮಾಡಿದವರು ಯಾರು?

ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೆಯ ಅಧ್ಯಾಯದಲ್ಲಿ, ಅರ್ಥವಾಗದ ಭಾಷೆಯಲ್ಲಿ ಹೇರಳವಾಗಿ ಮಾತನಾಡುವುದಕ್ಕಿಂತ ಸಭೆಗೆ ಬೋಧೆಯಾಗುವ ಐದೇ ಮಾತುಗಳು ಮೇಲೆಂಬ ತನ್ನ ಆಯ್ಕೆಯನ್ನು ತಿಳಿಸುತ್ತಾನೆ. ದಿನಕ್ಕೆ ಐದು ಪದಗಳ ಲೆಕ್ಕ ನಮ್ಮ ಶಾಲೆಗಳಿಗೆ ಅಲ್ಲಿಂದ ಬಂದಿರಲಾರದು!

ಭಾಷಾಶಿಕ್ಷಣವನ್ನು ಬಲ್ಲವರು ಏನು ಹೇಳುತ್ತಾರೆಂಬುದನ್ನೂ ನೋಡೋಣ. ನ್ಯೂಜಿಲೆಂಡಿನ ವಿದ್ವಾಂಸ ಪೌಲ್ ನೇಶನ್ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಾರ ನೆರವೂ ಇಲ್ಲದೆ ಇಂಗ್ಲಿಷ್ ಪತ್ರಿಕೆ ಅಥವಾ ಕಾದಂಬರಿ ಓದಬೇಕಾದರೆ ಎಂಟರಿಂದ ಒಂಬತ್ತು ಸಾವಿರ ಪದಕುಟುಂಬಗಳ ಪರಿಚಯ ಬೇಕು. ಅಂದರೆ ಪುಟದ ನೂರು ಪದಗಳಲ್ಲಿ ತೊಂಬತ್ತೆಂಟು ಮೊದಲೇ ಗೊತ್ತಿರಬೇಕು. ಇದನ್ನು ಕೇಳಿದೊಡನೆ ಪದಪುಸ್ತಕದವರು ಹಿಗ್ಗುತ್ತಾರೆ. ದಿನಕ್ಕೆ ಐದರಂತೆ ಐದು ವರ್ಷದಲ್ಲಿ ಒಂಬತ್ತು ಸಾವಿರ ಆಯಿತಲ್ಲ ಎನ್ನುತ್ತಾರೆ. ಆಗುವುದಿಲ್ಲ. ಒಂದು ಪದವನ್ನು ಒಮ್ಮೆ ಕಂಡರೆ ಅದು ನಮ್ಮದಾಗುವುದಿಲ್ಲ. ಬೇರೆ ಬೇರೆ ವಾಕ್ಯಗಳಲ್ಲಿ, ಬೇರೆ ಬೇರೆ ಸಂಗಾತಿ ಪದಗಳೊಂದಿಗೆ, ಮತ್ತೆ ಮತ್ತೆ ಎದುರಾಗಬೇಕು. ನೆರೆಮನೆಯವರನ್ನು ನಾವು ಅರಿಯುವುದು ಹಾಗೆ ತಾನೇ? ಮತದಾರರ ಪಟ್ಟಿಯಲ್ಲಿ ಹೆಸರು ಓದಿದರೆ ಪರಿಚಯವಾದಂತೆಯೇ? ಇದಕ್ಕೂ ಬಹಳ ಹಿಂದೆ, 1920ರ ದಶಕದಲ್ಲಿ, ಆಗಿನ ಅವಿಭಜಿತ ಬಂಗಾಳದ ಢಾಕಾದಲ್ಲಿ ಮೈಕೆಲ್ ವೆಸ್ಟ್ ಎಂಬ ಶಿಕ್ಷಣಾಧಿಕಾರಿ ಬಂಗಾಳಿ ಮಕ್ಕಳಿಗಾಗಿ ವಾಚನ ಪುಸ್ತಕಗಳನ್ನು ಸಿದ್ಧಪಡಿಸಿದರು. ಹೊಸ ಪದಗಳು ಕಡಿಮೆ, ಬಂದ ಪದ ಮತ್ತೆ ಮತ್ತೆ ಬರಬೇಕು, ಮಗು ಓದುತ್ತಾ ಹೋಗಬೇಕು ಎಂಬುದು ಅವರ ಕ್ರಮ. 1953ರಲ್ಲಿ ಅವರು ಪ್ರಕಟಿಸಿದ ಸಾಮಾನ್ಯ ಪದಗಳ ಪಟ್ಟಿಯಲ್ಲಿದ್ದದ್ದು ಸುಮಾರು ಎರಡು ಸಾವಿರ ಪದಗಳು. ನಮ್ಮ ಮಕ್ಕಳಿಗೆ ಆ ಎರಡು ಸಾವಿರವೇ ಭದ್ರವಾಗಿಲ್ಲ. ಅಡಿಪಾಯವಿಲ್ಲದೆ ಕಳಶ ಇಡಲು ಹೊರಟಿದ್ದೇವೆ.

ಇನ್ನು ಆ ಸಾರ್ವಜನಿಕ ಪ್ರಕಟಣೆಯ ಚೂರಿಗೆ ಬರುತ್ತೇನೆ, ಏಕೆಂದರೆ ನನ್ನ ನಿಜವಾದ ಜಗಳ ಇರುವುದು ಅಲ್ಲಿ.

ಈ ಮೂರು ತಾಲ್ಲೂಕುಗಳನ್ನೂ ರಾಷ್ಟ್ರೀಯ ಹೆದ್ದಾರಿಗಳು ಹಾದುಹೋಗುತ್ತವೆ. ಬಂಟ್ವಾಳದ ಮೂಲಕ ಬೆಂಗಳೂರಿಗೆ 75, ಬೆಳ್ತಂಗಡಿಯ ಮೂಲಕ ಚಾರ್ಮಾಡಿ ಘಾಟಿಗೆ 73, ಮೂಡುಬಿದಿರೆಯ ಮೂಲಕ ಕಾರ್ಕಳ, ಶಿವಮೊಗ್ಗದ ಕಡೆಗೆ 169. ಮೂರೂ ಕಡೆ ಅಗಲೀಕರಣಕ್ಕಾಗಿ ಜಮೀನು ಹೋಗಿದೆ. 1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆಯ 3ಎ ಕಲಮಿನ ಪ್ರಕಾರ, ಜಮೀನು ತೆಗೆದುಕೊಳ್ಳುವ ಉದ್ದೇಶದ ಅಧಿಸೂಚನೆಯ ಸಾರಾಂಶವನ್ನು ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಅವುಗಳಲ್ಲಿ ಒಂದು ನಾಡಭಾಷೆಯದಾಗಿರಬೇಕು. ಆಕ್ಷೇಪಣೆ ಸಲ್ಲಿಸಲು ಇರುವ ಅವಧಿ ಅಧಿಸೂಚನೆ ಪ್ರಕಟವಾದಂದಿನಿಂದ 21 ದಿನಗಳು. ಆಮೇಲೆ 3ಡಿ ಘೋಷಣೆ ಬಂದರೆ, ಭೂಮಿಯು ಎಲ್ಲ ಋಣಭಾರಗಳಿಂದ ಮುಕ್ತವಾಗಿ ಕೇಂದ್ರ ಸರಕಾರದಲ್ಲಿ ‘ವೆಸ್ಟ್’ ಆಗುತ್ತದೆ. ಮೊತ್ತ ನಿರ್ಧರಿಸುವ ಮೊದಲು ಹಕ್ಕುದಾರರನ್ನು ಕರೆಯುವ ಸೂಚನೆಯೂ ಮತ್ತೆ ಎರಡು ಪತ್ರಿಕೆಗಳಲ್ಲೇ ಬರುತ್ತದೆ. ಹೀಗೆ ಅಜ್ಜನ ಕಾಲದ ತೋಟದ ಹಣೆಬರಹ ಪತ್ರಿಕೆಯ ಒಳಪುಟದಲ್ಲಿ, ಸಾಸಿವೆ ಗಾತ್ರದ ಅಕ್ಷರಗಳಲ್ಲಿ ಅಚ್ಚಾಗುತ್ತದೆ.

ನಾನು ಬೆಳ್ತಂಗಡಿ ತಾಲ್ಲೂಕಿನ ಒಂದು ಧರ್ಮಕೇಂದ್ರದಲ್ಲಿದ್ದಾಗ ರಸ್ತೆ ಬದಿಯ ಒಂದು ಕುಟುಂಬಕ್ಕೆ ಇದೇ ಗತಿಯಾಯಿತು. ಅವರ ಅಡಿಕೆ ತೋಟವನ್ನು ಪ್ರಕಟಣೆಯ ಪಟ್ಟಿಯಲ್ಲಿ ಖುಷ್ಕಿ ಎಂದು ನಮೂದಿಸಲಾಗಿತ್ತು. ಬಾಗಾಯ್ತಿಗೂ ಖುಷ್ಕಿಗೂ ಮೌಲ್ಯದಲ್ಲಿ ಎಷ್ಟು ಅಂತರವೆಂದು ನಮ್ಮ ಕೃಷಿಕರಿಗೆ ನಾನು ಹೇಳಬೇಕಾಗಿಲ್ಲ. ಅವರು ಇದನ್ನು ಅರಿತದ್ದು ಅಳತೆಯ ಕಲ್ಲು ಹಾಕಲು ಜನ ಬಂದಾಗ. ವಿಚಿತ್ರವೆಂದರೆ ಆ ಮನೆಗೆ ಇಂಗ್ಲಿಷ್ ಪತ್ರಿಕೆ ಬರುತ್ತಿತ್ತು. ಮಗನ ಪದಸಂಪತ್ತಿಗಾಗಿಯೇ ತರಿಸುತ್ತಿದ್ದರು. ಆತ ಸಂಪಾದಕೀಯ ಪುಟದಿಂದ ಪದಗಳನ್ನು ಎತ್ತಿಕೊಂಡು ಉಳಿದದ್ದನ್ನು ಅಟ್ಟಕ್ಕೆ ಎಸೆಯುತ್ತಿದ್ದ. ನಾವಿಬ್ಬರೂ ಕುಳಿತು ಹುಡುಕಿದಾಗ ಪ್ರಕಟಣೆಯ ಪುಟ ಅಟ್ಟದ ಕಟ್ಟಿನಲ್ಲೇ ಸಿಕ್ಕಿತು. ಇಪ್ಪತ್ತೊಂದು ದಿನಗಳು ಯಾವಾಗಲೋ ಮುಗಿದಿದ್ದವು. ಮಧ್ಯಸ್ಥಿಕೆಗೆ ಹೋಗಬಹುದಾದ ದಾರಿ ಕಾನೂನಿನಲ್ಲಿದೆ. ಹೋದರು. ಅದು ಎಷ್ಟು ಚಪ್ಪಲಿ ಸವೆಸುವ ದಾರಿಯೆಂಬುದು ಬೇರೆ ಮಾತು.

ಆ ಪ್ರಕಟಣೆಯಲ್ಲಿದ್ದ ಪದಗಳೇ ನಮ್ಮ ಮಕ್ಕಳಿಗೆ ಬೇಕಾದ ಉನ್ನತ ಇಂಗ್ಲಿಷ್. ‘ವೆಸ್ಟ್’ ಎಂದರೆ ಆ ಹುಡುಗನಿಗೆ ಗೊತ್ತಿದ್ದದ್ದು ಒಳ ಬನಿಯನ್. ಗುರುಗಳಾದ ನಮಗೆ ಅದು ಪೂಜಾವಸ್ತ್ರವನ್ನು ನೆನಪಿಸುತ್ತದೆ. ಲ್ಯಾಟಿನ್ ಮೂಲ ಒಂದೇ, ತೊಡಿಸುವುದು. ಕಾನೂನಿನಲ್ಲಿ ಒಡೆತನವನ್ನೇ ಇನ್ನೊಬ್ಬರಿಗೆ ತೊಡಿಸಿಬಿಡುತ್ತಾರೆ. ‘ಸೊಲೇಷಿಯಂ’ ಎಂಬುದು ಇನ್ನೊಂದು. ಅದು ಸಾಂತ್ವನ ಎಂಬರ್ಥದ ಲ್ಯಾಟಿನ್ ಪದ. ಇಷ್ಟವಿಲ್ಲದಿದ್ದರೂ ಭೂಮಿ ಬಿಟ್ಟುಕೊಡಬೇಕಾದವನಿಗೆ ಪರಿಹಾರದ ಮೇಲೆ ಕೊಡುವ ಹೆಚ್ಚುವರಿ ಮೊತ್ತ. 2013ರ ಭೂಸ್ವಾಧೀನ ಕಾಯಿದೆಯಲ್ಲಿ ಅದು ಪರಿಹಾರದ ನೂರಕ್ಕೆ ನೂರು. ಹೆದ್ದಾರಿಗೆ ಜಮೀನು ಕಳೆದುಕೊಂಡವರಿಗೆ ಹಿಂದಿನ ಕಾಯಿದೆ ಇದನ್ನು ನಿರಾಕರಿಸಿದ್ದು ಸಂವಿಧಾನದ ಸಮಾನತೆಗೆ ವಿರುದ್ಧವೆಂದು 2019ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಈ ಒಂದು ಪದ ತಿಳಿಯದವನು ಆ ತೀರ್ಪಿನ ಸುದ್ದಿಯನ್ನು ಕಂಡರೂ ತನಗೆ ಸಂಬಂಧಿಸಿದ್ದಲ್ಲವೆಂದು ಪುಟ ಮಗುಚುತ್ತಾನೆ.

ಇಲ್ಲಿ ಕನ್ನಡದ ಅಭಿಮಾನಿಗಳಿಗೂ ಒಂದು ಕಹಿ ಮಾತು ಹೇಳಬೇಕು. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲ್ಲೂಕಿನ ಚಾರ್ಮಾಡಿ, ದಿಡುಪೆ ಕಡೆ ಗುಡ್ಡ ಜರಿದು ನೆರೆ ಬಂದಾಗ ಮನೆ, ತೋಟ ಕಳೆದುಕೊಂಡವರ ಕುರಿತು ಎಲ್ಲೆಡೆ ‘ಪರಿಹಾರ’ ಎಂಬ ಪದವನ್ನೇ ಕೇಳಿದೆವು. ಇಂಗ್ಲಿಷಿನಲ್ಲಿ ‘ಕಾಂಪೆನ್ಸೇಶನ್’ ಬೇರೆ, ‘ರಿಲೀಫ್’ ಬೇರೆ, ‘ಎಕ್ಸ್ ಗ್ರೇಷಿಯಾ’ ಬೇರೆ. ಈ ಕೊನೆಯದರಲ್ಲಿರುವುದು ಲ್ಯಾಟಿನ್ ‘ಗ್ರಾತ್ಸಿಯಾ’, ನಮೋ ಮರಿಯ ಪ್ರಾರ್ಥನೆಯನ್ನು ಲ್ಯಾಟಿನ್‌ನಲ್ಲಿ ಕಲಿತ ಹಿರಿಯರು ಬಲ್ಲ ಪದ, ಕೃಪೆ. ಎಂದರೆ ಸರಕಾರ ಕೊಡುವುದು ನಿನ್ನ ಹಕ್ಕೆಂದಲ್ಲ, ತನ್ನ ಕೃಪೆಯೆಂದು. ದೇವರ ಕೃಪೆಯನ್ನು ಬೇಡಿ ಪಡೆಯಬೇಕು, ಹಕ್ಕನ್ನು ಕೇಳಿ ಪಡೆಯಬೇಕು. ಎರಡಕ್ಕೂ ಪರಿಹಾರವೆಂದೇ ಬರೆದರೆ ಬಡವನಿಗೆ ಕೈಮುಗಿಯಬೇಕೋ ಅರ್ಜಿ ಹಾಕಬೇಕೋ ತಿಳಿಯದು. ಇನ್ನು ಭೂಸ್ವಾಧೀನ ಪ್ರಕಟಣೆಯ ಕನ್ನಡ ಅವತರಣಿಕೆಯನ್ನು ನೀವೇ ಓದಿ ನೋಡಿ. ಸಂಸ್ಕೃತ ಸಮಾಸಗಳ ಆ ಸರಪಳಿಯನ್ನು ಬಿಡಿಸಲು ನನಗೇ ಎರಡು ಬಾರಿ ಉಸಿರು ಬೇಕಾಯಿತು. ನಾಡಭಾಷೆಯಲ್ಲಿ ಅಚ್ಚಾದುದೆಲ್ಲಾ ನಾಡವರಿಗೆ ತಿಳಿಯುತ್ತದೆಂದು ಭ್ರಮಿಸಬೇಡಿ.

ಇನ್ನೊಂದು ಪದ, ‘ಮಿಸ್ಕ್ರಿಯಂಟ್’. ನಮ್ಮ ದೇಶದ ಇಂಗ್ಲಿಷ್ ಪತ್ರಿಕೆಗಳಿಗೆ ಬಲು ಪ್ರಿಯವಾದದ್ದು. ಕಲ್ಲೆಸೆದವರು, ಗಾಜು ಒಡೆದವರು, ಶಿಲುಬೆ ಮುರಿದವರು, ಎಲ್ಲರೂ ‘ಮಿಸ್ಕ್ರಿಯಂಟ್ಸ್’. ಕನ್ನಡದಲ್ಲಿ ‘ಕಿಡಿಗೇಡಿಗಳು’ ಅಥವಾ ‘ದುಷ್ಕರ್ಮಿಗಳು’. ಹಳೆಯ ಫ್ರೆಂಚ್ ಭಾಷೆಯಿಂದ ಬಂದ ಈ ಪದದ ಮೂಲಾರ್ಥ ತಪ್ಪು ನಂಬಿಕೆಯವನು, ಅವಿಶ್ವಾಸಿ ಎಂದು. 2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠದ ಮೇಲೆ ದಾಳಿಯಾದ ಆ ದಿನಗಳನ್ನು ನಮ್ಮಲ್ಲಿ ಮರೆತವರಿಲ್ಲ. ಇಂಥ ಸುದ್ದಿಗಳನ್ನು ಓದುವಾಗಲೆಲ್ಲಾ ನನಗೆ ಈ ಪದದ ವಿಪರ್ಯಾಸ ನೆನಪಾಗುತ್ತದೆ. ಪರರನ್ನು ತಪ್ಪು ನಂಬಿಕೆಯವರೆಂದು ಎಣಿಸಿ ಹೊಡೆಯಲು ಬಂದವರಿಗೆ ಅದೇ ಹೆಸರು! ಅದಕ್ಕಿಂತ ಮುಖ್ಯವಾದ ಮಾತೆಂದರೆ ಇದು ಯಾರನ್ನೂ ಹೆಸರಿಸದ ಪದ. ಪದಪುಸ್ತಕದಲ್ಲಿ ‘ಮಿಸ್ಕ್ರಿಯಂಟ್: ಕೆಡುಕ’ ಎಂದು ಬರೆದ ಮಗು ಪದವನ್ನು ಕಲಿಯಿತು. ವರದಿಯನ್ನು ಪೂರ್ತಿ ಓದಿ, ‘ಯಾರು ಎಂದು ಇದರಲ್ಲಿ ಹೇಳಿಯೇ ಇಲ್ಲವಲ್ಲ’ ಎಂದು ಕೇಳಿದ ಮಗು ಓದಲು ಕಲಿಯಿತು.

ನನ್ನ ಮೇಲೆ ಬರುವ ಆಪಾದನೆಯನ್ನು ಬಲ್ಲೆ. ‘ಫಾದರ್ ತಾವು ಗುರುಮಠದಲ್ಲಿ ಇಂಗ್ಲಿಷಿನಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ ಓದಿ, ಈಗ ನಮ್ಮ ಮಕ್ಕಳ ಇಂಗ್ಲಿಷಿಗೆ ಅಡ್ಡಗಾಲು ಹಾಕುತ್ತಾರೆ’ ಎಂದು. ಇಂಗ್ಲಿಷ್ ಬೇಡವೆಂದು ನಾನು ಹೇಳಿಲ್ಲ. ಕೊಲ್ಲಿ ರಾಷ್ಟ್ರಗಳ ದುಡಿಮೆಯಿಂದ ಎದ್ದ ಮನೆಗಳ ಈ ಸೀಮೆಯಲ್ಲಿ ಹಾಗೆ ಹೇಳುವುದು ಮೂರ್ಖತನ. ನಾನು ಅದನ್ನು ಹೇಗೆ ಕಲಿತೆನೆಂಬುದನ್ನಷ್ಟೇ ಹೇಳುತ್ತೇನೆ. ನಮ್ಮ ಗುರುಮಠದ ವಾಚನಾಲಯದಲ್ಲಿ ಎರಡು ಪತ್ರಿಕೆಗಳಿದ್ದವು, ಒಂದು ಕನ್ನಡ, ಒಂದು ಇಂಗ್ಲಿಷ್. ರಾತ್ರಿಯ ಊಟಕ್ಕೆ ಮೊದಲು ಒಬ್ಬ ವಿದ್ಯಾರ್ಥಿ ಇಂಗ್ಲಿಷ್ ಪತ್ರಿಕೆಯ ಒಂದು ಸುದ್ದಿಯನ್ನು ಕನ್ನಡದಲ್ಲಿ ಹೇಳಬೇಕು, ಪತ್ರಿಕೆಯನ್ನು ಕೈಯಲ್ಲಿ ಹಿಡಿಯುವಂತಿಲ್ಲ. 1991ರ ಜುಲೈ ಮೊದಲ ವಾರ ನನ್ನ ಸರದಿ. ರೂಪಾಯಿಯ ‘ಡಿವ್ಯಾಲ್ಯುಯೇಶನ್’ ಆಗಿತ್ತು, ಎರಡು ಹಂತಗಳಲ್ಲಿ. ‘ಅಪಮೌಲ್ಯ’ ಎಂದು ಹೇಳಿ ಕುಳಿತುಕೊಳ್ಳಲು ಹೊರಟೆ. ಮಠಾಧಿಪತಿಗಳು ಬಿಡಲಿಲ್ಲ. “ಅಪಮೌಲ್ಯವಾದರೆ ಅಂಗಡಿಯ ಅಕ್ಕಿಗೆ ಏನಾಗುತ್ತದೆ?” ಎಂದರು. ನನಗೆ ಗೊತ್ತಿರಲಿಲ್ಲ. ಆಗ ಅಣ್ಣ ಬಹರೈನಿನಲ್ಲಿದ್ದ ಒಬ್ಬ ಸಹಪಾಠಿ ಎದ್ದು, “ಫಾದರ್, ಅಣ್ಣ ಅಷ್ಟೇ ದಿನಾರ್ ಕಳಿಸಿದರೂ ಅಮ್ಮನ ಕೈಗೆ ಹೆಚ್ಚು ರೂಪಾಯಿ ಬರುತ್ತದೆ. ಆದರೆ ಹೊರಗಿನಿಂದ ಬರುವ ಎಣ್ಣೆ ತುಟ್ಟಿಯಾಗುತ್ತದೆ” ಎಂದ. ಆ ರಾತ್ರಿ ಕಲಿತ ಆ ಪದ ಮೂವತ್ತು ವರ್ಷ ದಾಟಿದರೂ ನನ್ನಿಂದ ಕಳಚಿಲ್ಲ. ಅದನ್ನು ಯಾವ ಪುಸ್ತಕದಲ್ಲೂ ಅಂಟಿಸಿದ ನೆನಪಿಲ್ಲ.

ಇಂಗ್ಲಿಷ್ ಸಂಪಾದಕೀಯ ಅರ್ಥವಾಗದ ಮಗುವಿಗೆ ಬಹುಪಾಲು ಸಂದರ್ಭಗಳಲ್ಲಿ ಕನ್ನಡ ಸಂಪಾದಕೀಯವೂ ಅರ್ಥವಾಗಿರುವುದಿಲ್ಲ. ಕೊರತೆ ಪದದ್ದಲ್ಲ, ವಿಷಯದ್ದು. ಹಣದುಬ್ಬರ, ಮಧ್ಯಂತರ ಆದೇಶ, ಮೀಸಲಾತಿ, ಒಕ್ಕೂಟ ಎಂಬ ಭಾವನೆಗಳು ತನ್ನ ಭಾಷೆಯಲ್ಲಿ ಬೇರೂರದ ತಲೆಗೆ ಅವುಗಳ ಇಂಗ್ಲಿಷ್ ಹೆಸರುಗಳು ಅಂಗಿಯಿಲ್ಲದ ಗುಂಡಿಗಳು. ಆದರೆ ನಮ್ಮ ಎಷ್ಟೋ ಶಾಲೆಗಳು ಮಾಡಿದ್ದೇನು? ಪದಪುಸ್ತಕದ ಉತ್ಸಾಹದಲ್ಲಿ ಕನ್ನಡ ಪತ್ರಿಕೆಯನ್ನೇ ನಿಲ್ಲಿಸಿದವು. ಅಂಗಳದಲ್ಲಿ ತುಳು, ಕೊಂಕಣಿ ಆಡಿದ ಮಗುವಿಗೆ ದಂಡ ಹಾಕಿದವು. ಯಾವ ಊರಿನಲ್ಲಿ ನಿಂತು ಹೀಗೆ ಮಾಡುತ್ತಿದ್ದೇವೆ? ಪಂಜೆ ಮಂಗೇಶರಾಯರು 1874ರಲ್ಲಿ ಜನಿಸಿದ ಬಂಟ್ವಾಳದಲ್ಲಿ. ಇಂಗ್ಲಿಷ್ ವಿದ್ಯೆ ಪಡೆದು, ಶಾಲಾ ತನಿಖಾಧಿಕಾರಿಯಾಗಿ ಊರೂರು ಸುತ್ತಿ, ಆ ವಿದ್ಯೆಯನ್ನು ಕನ್ನಡದ ಮಕ್ಕಳ ಬಾಯಿಗೆ ಹಾಡಾಗಿ ಕತೆಯಾಗಿ ಇಳಿಸಿದವರು ಅವರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಟದ್ದು ಇದೇ ಜಿಲ್ಲೆಯಲ್ಲಿ. ಅದನ್ನು ನಡೆಸಿದ ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಊರ ಸುದ್ದಿಯೊಂದಿಗೆ ಸರಕಾರದ ಕಾನೂನು ನಿಬಂಧನೆಗಳನ್ನೂ ಜನರ ಮಾತಿನಲ್ಲಿ ತಿಳಿಸಲು ಹೊರಟಿದ್ದರು. ಅವರದು ಬೇರೆ ಸಭೆ, ಇರಲಿ. ಈ ವಿಷಯದಲ್ಲಿ ಅವರಿಂದ ಕಲಿಯಲು ನಮಗೆ ಸಂಕೋಚ ಬೇಡ. ಅದೇ ಮಿಷನ್ನಿನ ಕಿಟೆಲ್ 1894ರಲ್ಲಿ ಮಂಗಳೂರಿನಿಂದ ಹೊರತಂದ ಕನ್ನಡ ಇಂಗ್ಲಿಷ್ ನಿಘಂಟಿನಲ್ಲಿ ಪದಕ್ಕೆ ಅರ್ಥ ಮಾತ್ರವಲ್ಲ, ಅದು ಬಳಕೆಯಾದ ಪ್ರಯೋಗಗಳೂ ಗಾದೆಗಳೂ ಇವೆ. ಪದವನ್ನು ಅದರ ಮನೆಯಿಂದ ಕಿತ್ತು ತರಬಾರದೆಂದು ಆ ಜರ್ಮನ್ ಪಾದ್ರಿಗೆ ತಿಳಿದಿತ್ತು.

ನಮ್ಮ ಧರ್ಮಸಭೆಗೂ ತಿಳಿಯದ ಮಾತಲ್ಲ. 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಒಂದೇ ದಿನ ಎರಡು ದಾಖಲೆಗಳನ್ನು ಹೊರಡಿಸಿತು. ಒಂದು ಪೂಜಾವಿಧಿಗೆ ಜನರ ಭಾಷೆಯ ಬಾಗಿಲು ತೆರೆಯಿತು. ಇನ್ನೊಂದು ಸಂಪರ್ಕ ಮಾಧ್ಯಮಗಳ ಕುರಿತಾದದ್ದು. ಮಾಹಿತಿ ಪಡೆಯುವುದು ಮಾನವ ಸಮಾಜದ ಹಕ್ಕೆಂದು ಅದು ಸಾರಿತು. ಪೀಠದ ಮೇಲೆ ಮೊದಲನೆಯದನ್ನು ದಿನವೂ ಆಚರಿಸುತ್ತೇವೆ. ಎರಡನೆಯದನ್ನು ಶಾಲೆಯಲ್ಲಿ ಕತ್ತರಿಗೆ ಕೊಟ್ಟಿದ್ದೇವೆ.

ಆ ಹುಡುಗಿಯ ಪುಸ್ತಕವನ್ನು ಕಳೆದ ತಿಂಗಳು ಹಿಂದಿರುಗಿಸಿದೆ. ಆ ವಾರವಷ್ಟೇ ಪ್ರಕಟವಾದ ಇನ್ನೊಂದು ಭೂಸ್ವಾಧೀನ ಸೂಚನೆಯ ಪುಟವನ್ನು ಕತ್ತರಿಸದೆ ಮಡಚಿ ಅದರೊಳಗಿಟ್ಟು, ‘ಇದನ್ನು ಮನೆಯಲ್ಲಿ ತಂದೆಗೆ ತುಳುವಿನಲ್ಲಿ ಓದಿ ಹೇಳು’ ಎಂದು ಚೀಟಿ ಬರೆದಿದ್ದೆ. ನಾಲ್ಕು ದಿನಗಳ ನಂತರ ಅವಳ ತಂದೆಯ ಫೋನ್ ಬಂತು. ಅವರ ಜಮೀನು ಅದರಲ್ಲಿಲ್ಲ, ಆದರೆ ಪಕ್ಕದ ಮನೆಯ ವಿಧವೆಯೊಬ್ಬರ ಸರ್ವೆ ನಂಬರು ಇದೆಯಂತೆ. ಆ ತಾಯಿಗೆ ಏನೂ ಗೊತ್ತಿರಲಿಲ್ಲ. ಪಹಣಿ ಪತ್ರ ತೆಗೆದು ತಾಳೆ ನೋಡುತ್ತಿದ್ದಾರಂತೆ. ಇಪ್ಪತ್ತೊಂದರಲ್ಲಿ ಇನ್ನೂ ಹದಿಮೂರು ದಿನ ಇದೆ ಎಂದು ಹಿಂದಿನಿಂದ ಮಗಳ ದನಿ ಕೇಳಿಸಿತು.